ಬದಲಿಗೆ ನಿಂತವಳು

ರೈಲು ಹೊತ್ತಿಗೆ ಸರಿಯಾಗಿ ಬಂದಿದ್ದರೆ ನನ್ನ ಜೀವ ಇವತ್ತು ಹಾಯಾಗಿರುತ್ತಿತ್ತು. ಇದನ್ನು ನಾನು ನೂರು ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ನಮ್ಮ ಸಭೆಯವರು ನಕ್ಕಿದ್ದಾರೆ. ನಗುವವರಿಗೇನು, ಅವರ ಹೆಸರು ಆ ರಿಜಿಸ್ಟರಿನಲ್ಲಿ ಇಲ್ಲ.

ನಮ್ಮದು ಪುಣೆಯ ಸಣ್ಣದೊಂದು ಕನ್ನಡ ಸಭೆ. ಧಾರವಾಡ, ಗದಗ, ಬೆಳಗಾವಿ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದುಬಿಟ್ಟ ಕ್ರೈಸ್ತ ಮನೆಗಳು, ನಲವತ್ತರ ಆಸುಪಾಸು. ಸ್ವಂತ ಕಟ್ಟಡವಿಲ್ಲ. ಒಂದು ಮರಾಠಿ ಸಭೆಯವರು ತಮ್ಮ ದೇವಾಲಯವನ್ನು ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯ ತನಕ ನಮಗೆ ಬಿಟ್ಟುಕೊಡುತ್ತಾರೆ. ನಾಲ್ಕೂವರೆ ಆಗುವ ಮೊದಲೇ ಅವರ ಹುಡುಗರು ಗಿಟಾರ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಹಾಗಾಗಿ ನಮ್ಮಲ್ಲಿ ಪ್ರಸಂಗ, ಅಂದರೆ ಪಾದ್ರಿಗಳ ಉಪದೇಶ, ಉದ್ದವಾಯಿತೆಂದರೆ ಕೊನೆಯ ಹಾಡಿಗೆ ಕತ್ತರಿ ಬೀಳುತ್ತದೆ.

ಇಪ್ಪತ್ತಾರು ವರ್ಷದ ಹಿಂದೆ ಅಂಥದೊಂದು ಭಾನುವಾರ ಒಂದು ಹೆಣ್ಣುಕೂಸಿನ ದೀಕ್ಷಾಸ್ನಾನವಿತ್ತು. ನಮ್ಮ ಪದ್ಧತಿಯಲ್ಲಿ ಕೂಸಿಗೆ ಹೆತ್ತವರಲ್ಲದೆ ಒಬ್ಬ ಜ್ಞಾನತಾಯಿಯೂ ಬೇಕು. ಮಾತು ಬಾರದ ಕೂಸನ್ನು ಆಕೆ ಎತ್ತಿಕೊಂಡು ನಿಲ್ಲಬೇಕು, ಅದರ ಪರವಾಗಿ ಪಾದ್ರಿಗಳ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ಅಯ್ಯನವರು ಕೇಳುವ ಕೊನೆಯ ಪ್ರಶ್ನೆ, ಹೆತ್ತವರು ಇಲ್ಲದ ದಿನ ಬಂದರೆ ಈ ಕೂಸು ನಿನ್ನದೇ ಎಂದು ತಿಳಿಯುತ್ತೀಯಾ ಅಂತ. ಜ್ಞಾನತಾಯಿ ಹೌದು ಎನ್ನಬೇಕು. ಅದಾದ ಮೇಲೆ ಇಡೀ ಸಭೆ ಎದ್ದು ನಿಂತು, ನಾವೂ ಹೊಣೆ ಎನ್ನುತ್ತದೆ. ಎಲ್ಲ ಸೇರಿ ಐದು ನಿಮಿಷದ ಕೆಲಸ.

ಆ ದಿನ ಜ್ಞಾನತಾಯಿಯಾಗಬೇಕಾದವಳು ಕೂಸಿನ ಸೋದರತ್ತೆ, ಹುಬ್ಬಳ್ಳಿಯವಳು. ಬೆಳಿಗ್ಗೆ ಬರಬೇಕಾದ ಅವಳ ಗಾಡಿ ಮಧ್ಯಾಹ್ನ ಮೂರಾದರೂ ಪುಣೆ ಮುಟ್ಟಿರಲಿಲ್ಲ. ಮೊಬೈಲು ಎಲ್ಲರ ಕೈಯಲ್ಲಿ ಇರದ ಕಾಲ ಅದು. ಅಯ್ಯನವರು ಒಂದು ಹಾಡು ಹೆಚ್ಚಿಗೆ ಹಾಡಿಸಿದರು, ಇನ್ನೊಂದು ಹಾಡಿಸಿದರು, ಗಡಿಯಾರ ನೋಡಿದರು. ಹೊರಗೆ ಗಿಟಾರಿನ ಶ್ರುತಿ ಶುರುವಾಯಿತು. ಆಗ ಕೂಸಿನ ತಾಯಿ ತಿರುಗಿ ನನ್ನ ಕಡೆ ನೋಡಿದಳು. ನನ್ನನ್ನೇ ಯಾಕೆ ನೋಡಿದಳೆಂದರೆ ನಾನು ಎರಡನೆಯ ಬೆಂಚಿನ ತುದಿಗೆ ಕೂತಿದ್ದೆ. ಅಲ್ಲೇ ಯಾಕೆ ಕೂತಿದ್ದೆನೆಂದರೆ ಮೇಲೆ ಫ್ಯಾನ್ ಇತ್ತು. ದೇವರ ಕರೆ, ದೇವರ ಕರೆ ಎಂದು ಗಂಟಲು ತುಂಬಿ ಮಾತಾಡುವವರಿಗೆ ನಾನು ಇದನ್ನೇ ಹೇಳುವುದು, ನನಗೆ ಕರೆ ಬಂದದ್ದು ಫ್ಯಾನಿನ ಗಾಳಿಗೆ ಕೂತದ್ದರಿಂದ.

ನಾನು ಎದ್ದು ಹೋದೆ. ಬಸ್ಸಿನಲ್ಲಿ ಕರವಸ್ತ್ರ ಹಾಕಿ ಇನ್ನೊಬ್ಬರಿಗೆ ಸೀಟು ಹಿಡಿಯುತ್ತೇವಲ್ಲ, ಅಷ್ಟೇ ಅಂದುಕೊಂಡಿದ್ದೆ. ಕೂಸು ಭಾರವಿತ್ತು, ಮೆತ್ತಗಿತ್ತು, ಒಂದು ಸಲವೂ ಅಳಲಿಲ್ಲ. ಅಯ್ಯನವರು ಕೇಳಿದ್ದಕ್ಕೆಲ್ಲ ಹೌದು, ಹೌದು, ಹೌದು ಎಂದು ಬಂದು ಮತ್ತೆ ಫ್ಯಾನಿನ ಕೆಳಗೆ ಕೂತೆ. ಸೋದರತ್ತೆ ಐದೂವರೆಗೆ ಊಟದ ಪಂಕ್ತಿಗೆ ಸರಿಯಾಗಿ ಬಂದಳು. ಅವಳಿಗೆ ಸಿಟ್ಟು ಬಂದೀತು ಅಂದುಕೊಂಡಿದ್ದೆ. ಬರಲಿಲ್ಲ. ನಾನೇ ಅಯ್ಯನವರ ಹತ್ತಿರ ಹೋಗಿ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ನನ್ನ ಹೆಸರು ಹೊಡೆದು ಅವಳದು ಬರೆಯಿರಿ ಎಂದೆ. ಆಗಿನ ಅಯ್ಯನವರು ಬಿರಿಯಾನಿ ಬಾಯಲ್ಲಿಟ್ಟುಕೊಂಡೇ ನಕ್ಕರು. ದೇವರ ಮುಂದೆ ಹೌದು ಅಂದವರು ನೀವು, ಆಕೆಯ ಹೆಸರು ಬರೆಯಲು ಹೇಗೆ ಬರುತ್ತದೆ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕೂಸಿಗೆ ಡೌನ್ ಸಿಂಡ್ರೋಮ್ ಇದೆಯೆಂದು ನನಗೆ ತಿಳಿದದ್ದು ಆರು ತಿಂಗಳ ಮೇಲೆ. ಹೆತ್ತವರಿಗೆ ಮೊದಲೇ ಗೊತ್ತಿತ್ತು. ಹುಬ್ಬಳ್ಳಿಯ ಸೋದರತ್ತೆಗೂ ಗೊತ್ತಿತ್ತು ಎನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷ ಕಳೆದ ಮೇಲೆ.

ದೀಕ್ಷಾಸ್ನಾನದ ವರ್ಷ ನನಗೆ ಮೂವತ್ತೆರಡು. ಶಿವಾಜಿನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಮದುವೆಯಾಗಲಿಲ್ಲ, ಆಗಬೇಕೆಂದೂ ಅನ್ನಿಸಲಿಲ್ಲ. ಇದರಲ್ಲಿ ಕಣ್ಣೀರಿನ ಕಥೆಯೇನೂ ಇಲ್ಲ, ಹುಡುಕಬೇಡಿ. ಪುಣೆಯ ಅಂಚಿನ ನಿಗಡಿಯಲ್ಲಿ ಎರಡು ಕೋಣೆಯ ಮನೆ ಮಾಡಿದೆ. ಸಂಜೆ ಬಂದು ಕದ ಹಾಕಿಕೊಂಡೆನೆಂದರೆ ಒಳಗಿನ ಸದ್ದೆಲ್ಲ ನನ್ನದೇ. ಬೇಕೆಂದರೆ ಅಡಿಗೆ, ಬೇಡವೆಂದರೆ ಚುರುಮುರಿ. ನಿವೃತ್ತಿಯಾದ ಮೇಲೆ ಬೆಳಿಗ್ಗೆ ಹತ್ತರ ತನಕ ಚಹಾ ಕುಡಿಯುತ್ತ ಪೇಪರು ಓದಬೇಕು, ಯಾರೂ ಕರೆಯಬಾರದು. ನನ್ನ ಆಸೆ ಅಷ್ಟೇ ಇತ್ತು. ಜ್ಞಾನಮಗಳಿಗೆ ಕ್ರಿಸ್ಮಸ್ಸಿಗೊಂದು ಡ್ರೆಸ್ಸು, ಹುಟ್ಟುಹಬ್ಬಕ್ಕೊಂದು ಕೇಕು ಕೊಟ್ಟು ನನ್ನ ಕರ್ತವ್ಯ ಮುಗಿಯಿತು ಎಂದು ಇಪ್ಪತ್ತೈದು ವರ್ಷ ನಿಶ್ಚಿಂತೆಯಾಗಿದ್ದೆ. ಅವಳು ನನ್ನನ್ನು ಜ್ಞಾನವ್ವ ಎಂದು ಕರೆಯುತ್ತಿದ್ದಳು. ಅದು ಅವಳ ತಾಯಿ ಕಲಿಸಿದ ಹೆಸರು.

ಹುಡುಗಿಯ ತಂದೆ ಬೇಗ ತೀರಿಕೊಂಡರು. ತಾಯಿ ಹೊಲಿಗೆ ಮಾಡಿ ಮಗಳನ್ನು ಸಾಕಿದಳು. ಹೋದ ವರ್ಷ ನನ್ನ ನಿವೃತ್ತಿಯ ತಿಂಗಳಲ್ಲೇ ಆ ತಾಯಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು. ಎರಡೇ ತಿಂಗಳು. ಕೊನೆಯ ವಾರ ಆಸ್ಪತ್ರೆಗೆ ನನ್ನನ್ನು ಕರೆಸಿದಳು. ಯಾತಕ್ಕೆ ಕರೆದಿದ್ದಾಳೆಂದು ಹೋಗುವಾಗಲೇ ಗೊತ್ತಿತ್ತು.

ಅವಳು ಸುತ್ತಿಬಳಸಲಿಲ್ಲ. "ಅಕ್ಕಾರ, ನೀವು ಅವತ್ತ ಹೌದು ಅಂದಿದ್ರಿ," ಎಂದಳು.

"ನಾ ಬದಲಿಗೆ ನಿಂತಿದ್ನೆವ್ವಾ," ಎಂದೆ. ಸಾಯುತ್ತಿರುವವಳ ಮುಂದೆ ಆಡುವ ಮಾತೇ ಅದು? ಆದರೂ ಬಾಯಿಂದ ಬಂತು.

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಯಾರರ ಒಬ್ಬರು ನಿಂತಿದ್ರಲ್ಲರೀ."

ಮಣ್ಣು ಮಾಡಿ ಬಂದ ಮೇಲೆ ಸಭೆಯ ಹಿರಿಯರು ನಾಲ್ಕು ಜನ ಕೂತು ಹುಡುಗಿಯ ಮಾತೆತ್ತಿದರು. ಹುಬ್ಬಳ್ಳಿಯ ಸೋದರತ್ತೆಯೂ ಇದ್ದಳು, ಈ ಸಲ ಅವಳ ಗಾಡಿ ತಡವಾಗಿರಲಿಲ್ಲ. ತನಗೆ ಮಂಡಿನೋವು, ಸೊಸೆ ಒಪ್ಪುವುದಿಲ್ಲ, ಮನೆ ಸಣ್ಣದು ಎಂದೆಲ್ಲ ಹೇಳಿ ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ರಿಜಿಸ್ಟರದಾಗ ಹೆಸರು ನಿಮ್ಮದ ಅದರೀ ಅಕ್ಕಾರ," ಎಂದಳು. ಉಳಿದವರು ನೆಲ ನೋಡುತ್ತ ಕೂತರು. ಆಗ ನನಗೆ ಆ ಹಳೆಯ ರೈಲಿನ ಮೇಲೆ ಮೊದಲ ಸಲ ಅನುಮಾನ ಬಂತು. ಸತ್ಯ ಏನೋ ದೇವರಿಗೇ ಗೊತ್ತು, ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅದೇ ಸಂಜೆ ಹುಡುಗಿ ತನ್ನ ಎರಡು ಚೀಲದೊಂದಿಗೆ ನಿಗಡಿಗೆ ಬಂದಳು.

ನಾನು ಅವಳನ್ನು ದೂರಲು ಇದನ್ನು ಬರೆಯುತ್ತಿಲ್ಲ. ಹುಡುಗಿ ಒಳ್ಳೆಯವಳು. ಗಟ್ಟಿಮುಟ್ಟಾಗಿ ಗಿಡ್ಡಗಿದ್ದಾಳೆ, ಬಟ್ಟೆ ಮಡಚಿದರೆ ಇಸ್ತ್ರಿಯವನು ನಾಚಬೇಕು, ಹಾಡು ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಮರಾಠಿ ಪೂರಾ ತಿಳಿಯುತ್ತದೆ, ಆದರೆ ಆಡುವ ಮಾತು ಕನ್ನಡವೊಂದೇ, ಅದೂ ತಾಯಿ ಕಲಿಸಿದ ಹಾಗೆ ಎಲ್ಲರಿಗೂ ರೀ ಹಚ್ಚಿ. ತೊಂದರೆ ಏನೆಂದರೆ ಅವಳು ಒಂದು ಗಳಿಗೆ ಒಬ್ಬಳೇ ಇರುವವಳಲ್ಲ. ನಾನು ಬಾಲ್ಕನಿಗೆ ಹೋದರೆ ಬಾಲ್ಕನಿಗೆ, ಅಡಿಗೆಮನೆಗೆ ಹೋದರೆ ಅಡಿಗೆಮನೆಗೆ. ಬಚ್ಚಲಿಗೆ ಹೋದರೆ ಕದ ಬಡಿದು, "ಜ್ಞಾನವ್ವಾ, ಒಳಗ ಅದೀರೇನ್ರಿ?" ಎಂದು ಕೇಳುತ್ತಾಳೆ. ಇದ್ದೇನೆ ಎಂದರೆ ಅರ್ಧ ನಿಮಿಷ ಸುಮ್ಮನಿದ್ದು ಮತ್ತೆ ಕೇಳುತ್ತಾಳೆ. ತಾಯಿ ಆಸ್ಪತ್ರೆಯೊಳಗೆ ಹೋಗಿ ಹೊರಗೆ ಬರಲಿಲ್ಲವಲ್ಲ, ಆ ಭಯ. ಭಯ ನನಗೂ ತಿಳಿಯುತ್ತದೆ. ಆದರೆ ದಿನಕ್ಕೆ ನಲವತ್ತು ಸಲ ಯಾರಾದರೂ ನೀನು ಇದ್ದೀಯಾ ಎಂದು ಕೇಳಿದರೆ ಮನುಷ್ಯರಿಗೆ ತಲೆ ಕೆಡುತ್ತದೆ.

ಅವಳನ್ನು ಒಳಗೆ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ಮೊದಲ ವಾರ ಕೊತ್ತಂಬರಿ ತರಲು ಹತ್ತು ನಿಮಿಷ ಇಳಿದು ಹೋಗಿದ್ದೆ, ಬಂದು ನೋಡಿದರೆ ಗ್ಯಾಸಿನ ಗುಂಡಿ ತಿರುಗಿಸಿಟ್ಟಿದ್ದಳು, ನನಗೆ ಚಹಾ ಮಾಡಬೇಕೆಂದು. ಉರಿ ಹತ್ತಿರಲಿಲ್ಲ, ಮನೆತುಂಬ ವಾಸನೆ. ಅವತ್ತಿನಿಂದ ಅವಳನ್ನು ಕರೆದುಕೊಂಡೇ ಹೋಗಬೇಕು, ಇಲ್ಲವೇ ಹೋಗುವುದು ಬೇಡ. ಅವಳೋ ದಾರಿಯಲ್ಲಿ ಪ್ರತಿ ನಾಯಿಯನ್ನೂ ಮಾತಾಡಿಸುವವಳು. ಅರ್ಧ ಕಿಲೋಮೀಟರಿಗೆ ಒಂದು ತಾಸು. ಕ್ರಮೇಣ ನಾನು ಹೋಗುವುದನ್ನೇ ಬಿಟ್ಟೆ. ತರಕಾರಿ ಮನೆಗೆ ತರಿಸಿದೆ, ಗೆಳತಿಯರ ಫೋನಿಗೆ ಆಮೇಲೆ ಮಾಡುತ್ತೇನೆ ಎಂದೆ. ಮುಂಜಾನೆ ಪೇಪರು ಬಾಗಿಲಿಗೆ ಬಿದ್ದ ಸದ್ದು ಕೇಳಿದರೆ ಸಿಟ್ಟು ಬರುತ್ತಿತ್ತು. ಅದರ ಪದರ ಬಿಚ್ಚದೆ ಎಷ್ಟು ದಿನ ರದ್ದಿಗೆ ಹಾಕಿದೆನೋ ಲೆಕ್ಕವಿಲ್ಲ. ಜೈಲಿನವರಿಗೆ ಶಿಕ್ಷೆಯ ಅವಧಿಯಾದರೂ ಗೊತ್ತಿರುತ್ತದೆ. ಅವಳಿಗೆ ಇಪ್ಪತ್ತಾರು, ನನಗೆ ಐವತ್ತೆಂಟು. ನಾನು ಸಾಯುವ ತನಕ ಹೀಗೇ ಎಂದು ಗೋಡೆಯ ಕಡೆ ಮುಖ ಮಾಡಿ ಅತ್ತದ್ದುಂಟು. ಅತ್ತರೂ ಹಿಂದಿನಿಂದ ಬಂದು ನಿಲ್ಲುತ್ತಿದ್ದಳು.

ಇದೇ ಹೊತ್ತಿಗೆ ಸಭೆಗೆ ಹೊಸ ಅಯ್ಯನವರು ಬಂದಿದ್ದರು. ಬೆಂಗಳೂರು ಕಡೆಯ ಹುಡುಗ, ಎಲ್ಲ ಹೆಂಗಸರಿಗೂ ಆಂಟಿ ಎನ್ನುತ್ತಾನೆ, ಓದಿಕೊಂಡಿದ್ದಾನೆ. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಆರಾಧನೆಯ ನಂತರ ಅರ್ಧ ಗಂಟೆ ಸತ್ಯವೇದದ, ಅಂದರೆ ಬೈಬಲಿನ, ಅಭ್ಯಾಸ ಶುರುಮಾಡಿದರು. ಐದು ವಾರ, ಒಂದೇ ವಿಷಯ, ಒಡಂಬಡಿಕೆ ಎಂದರೇನು, ಇವತ್ತಿನ ಕ್ರೈಸ್ತರಿಗೆ ಅದರ ಕರೆ ಏನು. ನನಗೆ ಒಂದು ವಾರ ಸಾಕಿತ್ತು. ಆದರೆ ಹುಡುಗಿಗೆ ಅಲ್ಲಿಯ ಹಾಡು ಬೇಕು, ಕೂತೆ.

ಮೊದಲ ವಾರ ಅವರು ಕರಾರು ಬೇರೆ, ಒಡಂಬಡಿಕೆ ಬೇರೆ ಎಂದರು. ಕರಾರಿನಲ್ಲಿ ಒಬ್ಬರು ಮಾತು ತಪ್ಪಿದರೆ ಇನ್ನೊಬ್ಬರಿಗೆ ಬಿಡುಗಡೆ. ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಇಲ್ಲಿ ಬಾಡಿಗೆ ಮನೆಯ ಕರಾರು ಹನ್ನೊಂದು ತಿಂಗಳಿಗೆ ಮುಗಿದು ಹೋಗುತ್ತದೆ. ಒಡಂಬಡಿಕೆಯಲ್ಲಿ ಹಾಗಿಲ್ಲವಂತೆ. ಎದುರಿನವರು ಏನೇ ಮಾಡಲಿ, ಏನೂ ಮಾಡಲಾಗದೆ ಇರಲಿ, ಮಾತು ಕೊಟ್ಟವರು ಕೊಟ್ಟವರೇ. ಇಸ್ರಾಯೇಲ್ಯರು ಎಷ್ಟು ಸಲ ಕೈಕೊಟ್ಟರೂ ದೇವರು ಅವರನ್ನು ನನ್ನ ಜನ ಎನ್ನುವುದನ್ನು ಬಿಡಲಿಲ್ಲ ಎಂದು ಹೇಳುವಾಗ ಅಯ್ಯನವರ ಮುಖ ಅರಳಿತ್ತು. ಸುತ್ತ ಕೂತವರು ತಲೆದೂಗಿದರು. ಅವರೆಲ್ಲ ಆರಾಮಾಗಿ ಮನೆಗೆ ಹೋಗಿ ಮಲಗುವವರು.

ಎರಡನೆಯ ವಾರ ಅಬ್ರಹಾಮನ ಕಥೆ. ಆ ಕಾಲದಲ್ಲಿ ಒಡಂಬಡಿಕೆ ಎಂದರೆ ಪ್ರಾಣಿಗಳನ್ನು ಎರಡು ಹೋಳು ಮಾಡಿ ಎದುರುಬದುರು ಇಟ್ಟು, ಇಬ್ಬರೂ ನಡುವೆ ನಡೆಯಬೇಕಿತ್ತು. ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ ಎಂದು ಅದರ ಅರ್ಥ. ದೇವರು ಅಬ್ರಹಾಮನಿಗೆ ಎಲ್ಲ ತಯಾರು ಮಾಡಲು ಹೇಳಿದ. ಅವನು ಹೋಳು ಮಾಡಿ ಇಟ್ಟ, ಹದ್ದುಗಳನ್ನು ಓಡಿಸುತ್ತ ಕಾದ. ಕತ್ತಲಾಗುವಾಗ ಅವನಿಗೆ ಗಾಢ ನಿದ್ದೆ ಹತ್ತಿತು. ಆಗ ಹೊಗೆಯಾಡುವ ಒಲೆ, ಉರಿಯುವ ಪಂಜು, ಈ ರೂಪದಲ್ಲಿ ದೇವರು ಒಬ್ಬನೇ ಆ ಹೋಳುಗಳ ನಡುವೆ ಹಾದುಹೋದ. ಅಬ್ರಹಾಮನನ್ನು ನಡೆಸಲೇ ಇಲ್ಲ. ಎರಡೂ ಕಡೆಯ ಹೊಣೆ ದೇವರೇ ಹೊತ್ತುಕೊಂಡ, ಶಿಲುಬೆಯಲ್ಲಿ ಆ ಮಾತು ತೀರಿತು ಎಂದು ಅಯ್ಯನವರು ವಿವರಿಸಿದರು.

ಈ ಕಥೆಯನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೆ. ಅವತ್ತು ಮಾತ್ರ ಮೈ ಉರಿಯಿತು. ಎದ್ದು ನಿಂತೆ. "ಹಂಗಾದ್ರ ದೇವರು ತಾನ ಹೋಗಿ ಸಿಕ್ಕೊಂಡಾನ," ಎಂದೆ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಯ್ಯನವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಹೌದಾಂಟಿ," ಎಂದರು. "ಬೇಕಂತಲೇ."

ಆ ಉತ್ತರದಿಂದ ನನಗೇನೂ ಸಮಾಧಾನವಾಗಲಿಲ್ಲ. ದೇವರು ಗೊತ್ತಿದ್ದು ಸಿಕ್ಕಿಕೊಂಡ, ನಾನು ಫ್ಯಾನಿನ ಗಾಳಿಗೆ ಸಿಕ್ಕಿಕೊಂಡೆ, ಎರಡೂ ಒಂದೇ ಹೇಗಾಗುತ್ತದೆ? ಬಾಯಿ ಸುಮ್ಮನಿರಲಿಲ್ಲ. ಸಭೆಯ ಕಡೆ ತಿರುಗಿ, ದೀಕ್ಷಾಸ್ನಾನದ ದಿನ ನೀವೆಲ್ಲ ಎದ್ದು ನಿಂತು ನಾವೂ ಹೊಣೆ ಅಂದಿದ್ದಿರಿ, ನನ್ನ ಕಿವಿಯಾರೆ ಕೇಳಿದ್ದೇನೆ ಎಂದೆ. ನಾವು ಒಡಂಬಡಿಕೆಯ ಜನ ಎಂದು ಐದು ವಾರ ಹೇಳಿಸಿಕೊಳ್ಳಲು ಬರುತ್ತೀರಿ, ಒಂದು ಶನಿವಾರ ಎರಡು ತಾಸು ಈ ಹುಡುಗಿಯನ್ನು ಯಾರು ಕೂರಿಸಿಕೊಳ್ಳುತ್ತೀರಿ, ಕೈ ಎತ್ತಿರಿ ಎಂದೆ. ಒಬ್ಬರು ಹಾಡಿನ ಪುಸ್ತಕ ತಿರುವಿದರು. ಒಬ್ಬಾಕೆಗೆ ಫೋನು ಬಂತು, ಅದು ರಿಂಗಾದದ್ದು ನನಗಂತೂ ಕೇಳಲಿಲ್ಲ. ಹುಡುಗಿ ನನ್ನ ಸೀರೆಯ ಸೆರಗು ಹಿಡಿದು ಕೂಡ್ರಿ, ಕೂಡ್ರಿ ಎನ್ನುತ್ತಿದ್ದಳು. ಆ ವಾರ ಕೊನೆಯ ಹಾಡು ಇರಲಿಲ್ಲ.

ಆಮೇಲೆ ಅಯ್ಯನವರು ತಾವೇ ಎರಡು ಮಂಗಳವಾರ ಮನೆಗೆ ಬಂದು ಕೂತರು. ನಾನು ಆ ಎರಡು ದಿನ ಮಾರ್ಕೆಟ್ಟಿನಲ್ಲಿ ಸುಮ್ಮನೆ ತಿರುಗಿದೆ, ಬದನೆಕಾಯಿ ಮುಟ್ಟಿ ಮುಟ್ಟಿ ನೋಡಿದೆ. ಮೂರನೆಯ ಮಂಗಳವಾರ ಅವರಿಗೆ ಯಾವುದೋ ಮೀಟಿಂಗ್ ಬಂತು, ನಾಲ್ಕನೆಯದಕ್ಕೆ ಅವರ ಕೂಸಿಗೆ ಜ್ವರ. ಅವರನ್ನು ಬೈಯಲಾರೆ, ಉಳಿದವರು ಅಷ್ಟೂ ಮಾಡಲಿಲ್ಲ.

ಕಡೆಗೆ ದಾರಿ ತೋರಿಸಿದ್ದು ನನ್ನ ಹಳೆಯ ಲೈಬ್ರರಿಯ ಗೆಳತಿ. ಲೋಣಾವಳಾದ ಹತ್ತಿರ ಇಂಥ ದೊಡ್ಡ ಮಕ್ಕಳಿಗೆಂದೇ ಒಂದು ವಸತಿಗೃಹವಿದೆ, ಅವಳ ನೆಂಟರ ಮಗ ಅಲ್ಲೇ ಇದ್ದಾನೆ. ಮೊದಲು ಹದಿನೈದು ದಿನ ಇರಿಸಿಕೊಂಡು ನೋಡುತ್ತಾರೆ. ಹೊಂದಿಕೊಂಡರೆ, ಹೊಣೆ ಹೊತ್ತವರು ಸಹಿ ಮಾಡಿಕೊಟ್ಟರೆ, ಜೀವಮಾನ ಅಲ್ಲೇ. ಕೆಟ್ಟ ಜಾಗವಾಗಿದ್ದರೆ ನನಗೆ ಸುಲಭವಿತ್ತು, ಕರೆದುಕೊಂಡು ವಾಪಸು ಬಂದುಬಿಡುತ್ತಿದ್ದೆ. ಜಾಗ ಒಳ್ಳೆಯದೇ ಇತ್ತು. ತೊಳೆದ ನೆಲ, ಕಿಟಕಿಯ ಪಕ್ಕದ ಮಂಚ, ತೋಟದ ಕೆಲಸ, ಸಂಜೆ ಹಾಡು. ನೋಡಿಕೊಳ್ಳುವಾಕೆಯನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಐವತ್ತರ ಮರಾಠಿ ಹೆಂಗಸು, ದನಿ ದೊಡ್ಡದು, ಕೈ ಮೆತ್ತಗೆ. ಹುಡುಗಿ ಅವರ ಕೈ ಹಿಡಿದು ಒಳಗೆ ಹೋದಳು. ತಿರುಗಿ ನೋಡಿದಳು, ಆದರೆ ಅಳಲಿಲ್ಲ.

ಆಮೇಲಿನ ಹದಿನೈದು ದಿನದ ಬಗ್ಗೆ ಸುಳ್ಳು ಬರೆಯಬಾರದು. ಮೊದಲ ರಾತ್ರಿ ಎಂಟು ತಾಸು ನಿದ್ದೆ ಮಾಡಿದೆ. ಮರುದಿನ ಚಹಾ ಮಾಡಿಕೊಂಡು ಪೇಪರು ಬಿಡಿಸಿ ಕೂತೆ, ಶ್ರದ್ಧಾಂಜಲಿಯ ಜಾಹೀರಾತುಗಳನ್ನೂ ಬಿಡದೆ ಓದಿದೆ. ಯಾರೂ ಕರೆಯಲಿಲ್ಲ. ಬಚ್ಚಲಲ್ಲಿ ಬೇಕೆಂದೇ ಅರ್ಧ ಗಂಟೆ ಇದ್ದೆ. ಗೆಳತಿಯ ಜೊತೆ ಹೋಗಿ ಮಿಸಳ ತಿಂದು ಬಂದೆ. ಮಾಡಿದ್ದು ತಪ್ಪು ಅಂತ ಒಂದು ದಿನವೂ ಅನ್ನಿಸಲಿಲ್ಲ. ಸುಖವಾಗಿದ್ದೆ, ಭಾಳ ಸುಖವಾಗಿದ್ದೆ. ಸತ್ತವಳಿಗೆ ಕೊಟ್ಟ ಮಾತಿಗೆ ನಾನೇನೂ ಅನ್ಯಾಯ ಮಾಡುತ್ತಿಲ್ಲ, ನನಗಿಂತ ಚೆನ್ನಾಗಿ ನೋಡಿಕೊಳ್ಳುವವರ ಕೈಗೆ ಒಪ್ಪಿಸುತ್ತಿದ್ದೇನೆ ಎಂದು ಅಯ್ಯನವರಿಗೆ ಫೋನು ಮಾಡಿ ಹೇಳಿದೆ. ಅವರು, ನಿಮಗೆ ಏನು ಸರಿ ಅನ್ಸತ್ತೋ ಅದು ಮಾಡಿ ಆಂಟಿ, ನಾನ್ಯಾವ ಬಾಯಲ್ಲಿ ಹೇಳಲಿ ಎಂದರು. ಅವರೂ ಹಾಗೆಂದ ಮೇಲೆ ನನ್ನ ಮನಸ್ಸು ಗಟ್ಟಿಯಾಯಿತು.

ಹದಿನಾರನೆಯ ದಿನ ಪಕ್ಕದ ಆಕುರ್ಡಿ ಸ್ಟೇಷನ್ನಿನಿಂದ ಬೆಳಗಿನ ಲೋಕಲ್ ಹಿಡಿದೆ. ಪರ್ಸಿನಲ್ಲಿ ಆಧಾರ್ ಕಾರ್ಡು, ಎರಡು ಫೋಟೋ, ಸಹಿ ಮಾಡಲು ನನ್ನದೇ ಪೆನ್ನು. ಲೋಣಾವಳಾದಲ್ಲಿ ಇಳಿಯುವಾಗ ಮಳೆ ಹಿಡಿದಿತ್ತು, ರಿಕ್ಷಾದ ಪರದೆ ಇಳಿಸಿಕೊಂಡು ಹೋದೆ. ಮಾವಶಿ ಆಫೀಸಿನಲ್ಲಿ ಕೂರಿಸಿ ಚಹಾ ಕೊಟ್ಟು ಹುಡುಗಿಯನ್ನು ಹೊಗಳಿದರು. ಎಲ್ಲರ ಬಟ್ಟೆ ಮಡಚಿಡುತ್ತಾಳಂತೆ, ಊಟಕ್ಕೆ ತಕರಾರಿಲ್ಲವಂತೆ. ಒಂದೇ ಒಂದು ಸಲವೂ ಯಾರನ್ನೂ ಕರೆದು ಕಾಡಿಲ್ಲವಂತೆ. ಅದು ಕೇಳಿ ನನಗೆ ಆಶ್ಚರ್ಯವಾಯಿತು, ಸ್ವಲ್ಪ ಸಿಟ್ಟೂ ಬಂತು. ನನ್ನ ಮನೆಯಲ್ಲಿ ನಲವತ್ತು ಸಲ ಕರೆಯುವವಳು ಇಲ್ಲಿ ಸುಮ್ಮನಿರುವುದೆಂದರೇನು?

ಕಾಗದ ನನ್ನ ಮುಂದಿತ್ತು. ಸಹಿಯ ಜಾಗದಲ್ಲಿ ಮಾವಶಿ ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದೆ. ಅವರು ತಡೆಯಿರಿ ಎಂದರು, ಇಲ್ಲಿ ಇರಬೇಕಾದವರನ್ನು ಕೇಳದೆ ಸಹಿ ತೆಗೆದುಕೊಳ್ಳುವ ಪದ್ಧತಿ ತಮ್ಮಲ್ಲಿ ಇಲ್ಲವಂತೆ. ನಾನು ದಂಗಾದೆ. ಹತ್ತು ತಿಂಗಳಾಗಿತ್ತು, ಸಭೆಯ ಹಿರಿಯರು, ಸೋದರತ್ತೆ, ಅಯ್ಯನವರು, ನಾನು, ಇಷ್ಟು ಜನರಲ್ಲಿ ಯಾರೊಬ್ಬರೂ ಅವಳನ್ನು ಕೇಳಿರಲಿಲ್ಲ.

ಹುಡುಗಿಯನ್ನು ಕರೆಸಿದರು. ಬಂದವಳು ನನ್ನನ್ನು ನೋಡಿ ನಕ್ಕಳು, ಆದರೆ ಹತ್ತಿರ ಬರಲಿಲ್ಲ, ಬಾಗಿಲ ಪಕ್ಕ ಕೈಕಟ್ಟಿ ನಿಂತಳು. ಮಾವಶಿ ಮರಾಠಿಯಲ್ಲಿ ನಿಧಾನವಾಗಿ ಕೇಳಿದರು, ನಿನಗೆ ಎಲ್ಲಿ ಇರಬೇಕು ಅನ್ನಿಸುತ್ತದೆ, ಇಲ್ಲೋ, ಇವರ ಮನೆಯಲ್ಲೋ?

ಹುಡುಗಿ ನನ್ನ ಮುಖ ನೋಡಿದಳು. ಕಲಿತು ಇಟ್ಟುಕೊಂಡ ಪಾಠ ಒಪ್ಪಿಸುವವಳ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಾ ಇಲ್ಲೇ ಇರ್ತೀನ್ರಿ. ನಾ ಬಂದ್ರ ಜ್ಞಾನವ್ವಗ ಭಾಳ ತ್ರಾಸ ಆಗ್ತದ್ರಿ."

"ಯಾರ ಹೇಳಿದ್ರು ನಿನಗ?" ಎಂದೆ. ದನಿ ಏರಿತ್ತು.

"ನೀವ ಹೇಳಿದ್ರಿ. ಫೋನಿನ್ಯಾಗ." ದೂರುವ ದನಿಯಲ್ಲ ಅದು, ನನಗೆ ಮರೆತಿದೆಯೇನೋ ಎಂದು ನೆನಪಿಸುವ ದನಿ.

ಹೌದು, ಹೇಳಿದ್ದೆ. ಒಂದು ಸಲವಲ್ಲ, ದಿನಾ ಹೇಳುತ್ತಿದ್ದೆ. ಗೆಳತಿಗೆ, ಗದಗಿನ ತಂಗಿಗೆ, ಸಿಕ್ಕವರಿಗೆಲ್ಲ, ಅಡಿಗೆಕಟ್ಟೆಗೆ ಒರಗಿ ನಿಂತು, ನನ್ನ ಜೀವನ ಮುಗಿದುಹೋಯಿತು, ಇವಳ ತ್ರಾಸು ನನಗೆ ತಡೆಯಲು ಆಗುವುದಿಲ್ಲ ಎಂದು. ಅವಳು ಎರಡು ಮೊಳ ದೂರದಲ್ಲಿ ಬಟ್ಟೆ ಮಡಚುತ್ತ ಕೂತಿರುತ್ತಿದ್ದಳು. ಅವಳಿಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆನೋ, ತಿಳಿದರೂ ಏನಾಯಿತು ಅಂದುಕೊಂಡಿದ್ದೆನೋ, ಈಗ ಹೇಳಲಾರೆ. ಹದಿನೈದು ದಿನ ಇಲ್ಲಿ ಯಾರನ್ನೂ ಕರೆಯದೆ ಸುಮ್ಮನಿದ್ದದ್ದು ಯಾಕೆಂದು ಆಗ ಗೊತ್ತಾಯಿತು.

ಮಾವಶಿಗೆ ಕನ್ನಡ ಬರುವುದಿಲ್ಲ. "ಕಾಯ್ ಮ್ಹಣತೇ ತೀ?" ಎಂದು ನನ್ನನ್ನು ಕೇಳಿದರು, ಏನನ್ನುತ್ತಾಳೆ ಅವಳು ಎಂದು.

ಅವಳ ಮೊದಲ ಮಾತೊಂದನ್ನೇ ಮರಾಠಿಗೆ ತಿರುಗಿಸಿದ್ದರೆ ಸಾಕಿತ್ತು. ಇಲ್ಲೇ ಇರುತ್ತಾಳಂತೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ರಿಜಿಸ್ಟರಿನಲ್ಲಿ ಹೆಸರಿದ್ದರೇನು, ಯಾರಿಗಾಗಿ ಆ ಹೆಸರು ಬರೆಸಿಕೊಂಡೆನೋ ಅವಳೇ ನನಗೆ ಬಿಡುಗಡೆ ಕೊಟ್ಟಿದ್ದಳು. ಸಭೆ ಕೇಳುವಂತಿಲ್ಲ, ಸತ್ತವಳೂ ಕೇಳುವಂತಿಲ್ಲ. ಮೂರು ಗಂಟೆಯ ಲೋಕಲ್ಲಿಗೆ ಹೊರಟರೆ ಸಂಜೆಯೊಳಗೆ ನನ್ನ ಮನೆ, ನನ್ನ ಕದ. ನನಗೆ ಅದು ಬೇಕಾಗಿತ್ತು. ಆ ಕ್ಷಣಕ್ಕೂ ಬೇಕಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಎದುರಿಗೆ ಅವಳು ನನ್ನ ಉತ್ತರಕ್ಕೆ ಕಾಯುತ್ತ ನಿಂತಿದ್ದಳು, ನಾನು ಸಂತೋಷಪಡುತ್ತೇನೆಂದು ಮುಖ ಅರಳಿಸಿಕೊಂಡು.

"ಘರೀ ಯೇತೇ ಮ್ಹಣತೇ," ಎಂದೆ. ಮನೆಗೆ ಬರುತ್ತಾಳಂತೆ.

ಮಾವಶಿ ನನ್ನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಏನು ತಿಳಿದುಕೊಂಡರೋ, ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು ಪೆನ್ಸಿಲಿನ ಗುರುತು ಅಳಿಸಿದರು. ಹುಡುಗಿಯ ಚೀಲ ತರಲು ಒಳಗೆ ಹೋದರು.

ಹುಡುಗಿಗೆ ಮರಾಠಿ ಪೂರಾ ತಿಳಿಯುತ್ತದೆಂದು ಹೇಳಿದೆನಲ್ಲ. ಹುಬ್ಬು ಗಂಟಿಕ್ಕಿಕೊಂಡು ನನ್ನ ಹತ್ತಿರ ಬಂದಳು. "ನಾ ಹಂಗ ಅಂದಿಲ್ರಿ," ಎಂದಳು. "ಸುಳ್ಳ ಹೇಳಬಾರದ್ರಿ, ಜ್ಞಾನವ್ವಾ."

"ಹೌದವ್ವಾ, ಹೇಳಬಾರದು," ಎಂದೆ. "ಚಪ್ಪಲಿ ಹಾಕ್ಕೋ, ನಡಿ."